ಚಳಿಗೆ ಸ್ಟಾರ್ಟ್ ಆಗದ ಹಳೆ ಡೀಸೆಲ್ ಗಾಡಿ: ಬೆಳಗಿನ ಮೊದಲ ನಿಮಿಷದಲ್ಲಿ ಏನೇನು ನೋಡಬೇಕು

ನಮ್ಮ ತೋಟ ಮೂಡಿಗೆರೆ ಕಡೆ. ಡಿಸೆಂಬರ್ ಬಂತೆಂದರೆ ಅರೇಬಿಕಾ ಕುಯ್ಲು ಜೋರು. ಬೆಳಿಗ್ಗೆ ಏಳು ಗಂಟೆಗೆ ಮುಂಚೆ ನಾನೇ ಗಾಡಿ ತೆಗೆದುಕೊಂಡು ಹೋಗಿ ಹಣ್ಣು ಕುಯ್ಯುವವರನ್ನು ಕರೆದುಕೊಂಡು ಬರಬೇಕು. ಹತ್ತು ನಿಮಿಷ ತಡ ಆದರೆ ಅವರು ಬೇರೆ ತೋಟದ ಜೀಪು ಹತ್ತಿರುತ್ತಾರೆ. ಅವರದ್ದು ತಪ್ಪು ಅನ್ನಲಾಗದು, ದಿನದ ಕೂಲಿ ಅವರಿಗೂ ಮುಖ್ಯ. ಚಳಿಯಲ್ಲಿ ಗಾಡಿ ಸ್ಟಾರ್ಟ್ ಆಗಲಿಲ್ಲ ಅಂದರೆ ನಮ್ಮಲ್ಲಿ ಆ ದಿನದ ಕುಯ್ಲೇ ನಿಂತ ಹಾಗೆ.

ಗಾಡಿ 2003ರ ಟೊಯೋಟಾ ಕ್ವಾಲಿಸ್. 2.4 ಲೀಟರ್ ಡೀಸೆಲ್ ಇಂಜಿನ್. ಬಿಡದಿಯಲ್ಲಿ ತಯಾರಾದ ಗಾಡಿ, 2005ರಲ್ಲೇ ತಯಾರಿ ನಿಂತಿತು. ಆದರೆ ನಮ್ಮ ಕಡೆ ರಸ್ತೆಗಳಲ್ಲಿ ಇನ್ನೂ ಗಟ್ಟಿಯಾಗಿ ಓಡುತ್ತಿವೆ. ಮೂರು ವರ್ಷದ ಹಿಂದೆ, ಕುಯ್ಲಿನ ನಡುವೆ, ಇದು ಬೆಳಿಗ್ಗೆ ಹೊತ್ತು ಕೈ ಕೊಡಲು ಶುರು ಮಾಡಿತು. ನಾಲ್ಕು ಸಲ, ಐದು ಸಲ ಸೆಲ್ಫ್ (ಇಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರ್) ಹೊಡೆದ ಮೇಲೆ ಒಂದು ಸಲ ಹಿಡಿಯುವುದು. ಹನ್ನೊಂದು ಗಂಟೆಗೆ ಗ್ಯಾರೇಜಿಗೆ ತೆಗೆದುಕೊಂಡು ಹೋದರೆ ಅರ್ಧ ಕೀಗೇ ಸ್ಟಾರ್ಟ್! ಅಲ್ಲಿಯವರು ನೋಡಿ, "ಬ್ಯಾಟರಿ ಬದಲಾಯಿಸಿ ಅಕ್ಕಾ" ಅಂದರು. ಬದಲಾಯಿಸಿದೆ. ವಾರ ಬಿಟ್ಟು "ಸೆಲ್ಫ್ ಬಿಚ್ಚಬೇಕು" ಅಂದರು. ಬಿಚ್ಚಿಸಿ ಬ್ರಷ್ ಹಾಕಿಸಿದೆ. ಮಾರನೇ ದಿನ ಬೆಳಿಗ್ಗೆ ಮತ್ತೆ ಅದೇ ಕಥೆ.

ಅವರು ಬೇಕಂತ ಹಾಗೆ ಮಾಡಲಿಲ್ಲ. ಅವರು ನೋಡಿದ್ದು ಬಿಸಿಯಾದ ಗಾಡಿಯನ್ನು. ಈ ತೊಂದರೆ ಕಾಣುವುದು ದಿನಕ್ಕೆ ಒಂದೇ ಸಲ, ರಾತ್ರಿಯೆಲ್ಲ ತಣ್ಣಗಾದ ಇಂಜಿನ್‌ಗೆ ಮೊದಲ ಸೆಲ್ಫ್ ಹೊಡೆಯುವಾಗ. ಒಂದು ಸಲ ಹಿಡಿಯಿತೋ, ಆವತ್ತಿನ ಸಾಕ್ಷಿ ಹೋಯಿತು. ಅದಕ್ಕೇ ನಾನು ಹೇಳುವುದು, ಚಳಿಯ ತೊಂದರೆಯನ್ನು ಮನೆ ಅಂಗಳದಲ್ಲಿ, ಬೆಳಿಗ್ಗೆ ಆರು ಗಂಟೆಗೆ, ಗಾಡಿಯ ಒಡೆಯರೇ ನೋಡಬೇಕು. ಬಿಚ್ಚುವ ಕೆಲಸ ಮೆಕ್ಯಾನಿಕ್ ಮಾಡಲಿ. ಏನು ಬಿಚ್ಚಬೇಕು ಅನ್ನುವುದನ್ನು ನಾವು ಹೇಳುವಂತಿರಬೇಕು.

ನನಗೆ ಇದನ್ನು ಕಲಿಸಿದವರು ನಮ್ಮೂರಿನ ಹಿರಿಯರೊಬ್ಬರು. ಜೀವನವಿಡೀ ಎಸ್ಟೇಟ್ ಜೀಪು, ಟ್ರ್ಯಾಕ್ಟರ್ ರಿಪೇರಿ ಮಾಡಿದವರು. ನಾವೆಲ್ಲ ದೊಡ್ಡಪ್ಪ ಅಂತಲೇ ಕರೆಯುವುದು. ಬ್ಯಾಟರಿ, ಸೆಲ್ಫ್ ಎಲ್ಲ ಆದ ಮೇಲೆ ಅವರ ಹತ್ತಿರ ಹೋದೆ. ಅವರು ಕೇಳಿದ ಮೊದಲ ಮಾತು: "ಸೆಲ್ಫ್ ಹೊಡೆಯುವಾಗ ಹಿಂದೆ ಹೊಗೆ ಬರುತ್ತಾ ಮಗಾ?" ನನಗೆ ಗೊತ್ತಿರಲಿಲ್ಲ. ನಾನು ಸ್ಟೀರಿಂಗ್ ಹಿಂದೆ ಕೂತಿದ್ದೆ, ಸೈಲೆನ್ಸರ್ ಹಿಂದೆ ಯಾರೂ ನಿಂತಿರಲಿಲ್ಲ.

ಹಿಂದಿನ ರಾತ್ರಿಯೇ ತಯಾರಿ

ಸಂಜೆ ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ನಾನು ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ನಿಲ್ಲಿಸುತ್ತೇನೆ. ರಾತ್ರಿ ಬ್ಯಾಟರಿಗೆ ಚಾರ್ಜರ್ ಹಾಕಬೇಡಿ, ಬಾನೆಟ್ ಮೇಲೆ ಗೋಣಿಚೀಲ ಹೊದಿಸಬೇಡಿ. ತೊಂದರೆ ಬರಬೇಕು, ಬಂದರೆ ತಾನೇ ನೋಡಲು ಆಗುವುದು.

ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಒಂದು ಸಾಧಾರಣ ಮಲ್ಟಿಮೀಟರ್. ಇಂಡಿಕೇಟರ್‌ಗೆ ಹಾಕುವ 21 ವಾಟ್ ಬಲ್ಬಿಗೆ ಎರಡು ಉದ್ದ ವೈರ್ ಬೆಸುಗೆ ಹಾಕಿದ ಟೆಸ್ಟ್ ಲ್ಯಾಂಪ್. ಟಾರ್ಚ್. 8, 10, 12ರ ಸ್ಪ್ಯಾನರ್. ಒಂದಡಿ ಉದ್ದದ, ಡೀಸೆಲ್ ತಡೆಯುವ ಪಾರದರ್ಶಕ ಪೈಪ್, ಎರಡು ಕ್ಲಿಪ್. ಒಂದು ನೋಟ್‌ಬುಕ್. ಸೈಲೆನ್ಸರ್ ಹಿಂದೆ ನಿಲ್ಲಲು ಒಬ್ಬ ಮನುಷ್ಯ ಬೇಕೇ ಬೇಕು. ನಮ್ಮ ಮನೆಯಲ್ಲಿ ಆ ಕೆಲಸ ಮಗಳದ್ದು. ಬೆಳಕು ಹರಿಯುವ ಮುಂಚೆ ಆದರೆ ಟಾರ್ಚ್ ಬೆಳಕನ್ನು ಸೈಲೆನ್ಸರ್ ಬಾಯಿಗೆ ಅಡ್ಡವಾಗಿ ಹಿಡಿಯಲಿ. ಮಂಜಿನಲ್ಲೂ ಹೊಗೆ ಬೇರೆಯಾಗಿ ಕಾಣುತ್ತದೆ.

ಡೀಸೆಲ್ ಇಂಜಿನ್‌ಗೆ ಕಿಡಿ ಬೇಕಿಲ್ಲ, ಶಾಖ ಬೇಕು. ಪಿಸ್ಟನ್ ಗಾಳಿಯನ್ನು ಇಪ್ಪತ್ತು ಪಟ್ಟಿಗೂ ಹೆಚ್ಚು ಒತ್ತಿ ಹಿಡಿದಾಗ ಆ ಗಾಳಿ ಕಾಯುತ್ತದೆ, ಅದಕ್ಕೆ ಡೀಸೆಲ್ ಚಿಮ್ಮಿದಾಗ ಹೊತ್ತಿಕೊಳ್ಳುತ್ತದೆ. ಕ್ವಾಲಿಸ್, ಹಳೆ 1.4 ಇಂಡಿಕಾ, ಡೀಸೆಲ್ ಅಂಬಾಸಿಡರ್ ಇಂಥವುಗಳಲ್ಲಿ ಡೀಸೆಲ್ ನೇರ ಪಿಸ್ಟನ್ ಮೇಲೆ ಬೀಳುವುದಿಲ್ಲ. ಇಂಜಿನ್ ಮೇಲ್ಭಾಗದ ಹೆಡ್ಡಿನೊಳಗೆ ಒಂದು ಪುಟ್ಟ ಕೋಣೆಯಂಥದ್ದಿದೆ, ಅಲ್ಲಿ ಮೊದಲು ಹೊತ್ತಿಕೊಳ್ಳಬೇಕು. ಚಳಿಯಲ್ಲಿ ಆ ಕೋಣೆಯ ಗೋಡೆ ತಣ್ಣಗಿರುತ್ತದೆ, ಹುಟ್ಟಿದ ಶಾಖವನ್ನೆಲ್ಲ ಕುಡಿದುಬಿಡುತ್ತದೆ. ಅದಕ್ಕೇ ಅಲ್ಲಿ ಕರೆಂಟಿನಿಂದ ಕಾಯುವ ಹೀಟರ್ ಪ್ಲಗ್ ಇಟ್ಟಿರುವುದು. ಟ್ರ್ಯಾಕ್ಟರ್, ಕೆಲವು ಜೀಪುಗಳಲ್ಲಿ ಡೀಸೆಲ್ ನೇರ ಪಿಸ್ಟನ್ ಮೇಲೇ ಬೀಳುತ್ತದೆ, ಹಾಗಾಗಿ ಅಲ್ಲಿ ಪ್ಲಗ್ ಇಲ್ಲದೆಯೂ ನಡೆಯುತ್ತದೆ.

ಒಂದು ಎಚ್ಚರಿಕೆ. ಇದೆಲ್ಲ ಮೆಕ್ಯಾನಿಕಲ್ ಪಂಪಿನ ಹಳೆ ಗಾಡಿಗೆ ಮಾತ್ರ. ಕಾಮನ್ ರೈಲ್ ಗಾಡಿಯ, ಅಂದರೆ ತುಂಬಾ ಹೆಚ್ಚು ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ಹೊಸ ಥರದ ಗಾಡಿಯ ಡೀಸೆಲ್ ಪೈಪನ್ನು ಯಾವ ಕಾರಣಕ್ಕೂ ಮನೆಯಲ್ಲಿ ಸಡಿಲ ಮಾಡಬೇಡಿ. ಅದರ ಒತ್ತಡ ಚರ್ಮ ಸೀಳಿ ಒಳಗೆ ಹೋಗುವಂಥದ್ದು.

ಮೊದಲ ಸೆಲ್ಫ್

ಈಗ ಬೆಳಿಗ್ಗೆ. ಬಾಗಿಲು ತೆಗೆಯುವ ಮುಂಚೆಯೇ ಬಾನೆಟ್ ಎತ್ತಲು ಆಗುವ ಹಾಗಿದ್ದರೆ ಬ್ಯಾಟರಿ ವೋಲ್ಟೇಜ್ ನೋಡಿ ಬರೆದುಕೊಳ್ಳಿ. ಬಾಗಿಲು ತೆಗೆದರೆ ಒಳಗಿನ ಲೈಟ್ ಹತ್ತಿ ಲೆಕ್ಕ ಸ್ವಲ್ಪ ಬದಲಾಗುತ್ತದೆ. 12.6 ಇದ್ದರೆ ಬ್ಯಾಟರಿ ತುಂಬಿದೆ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ಇದ್ದರೆ ಬೇರೆ ಏನೂ ಪರೀಕ್ಷೆ ಮಾಡಬೇಡಿ, ಮೊದಲು ಅದನ್ನು ಸರಿ ಮಾಡಿ.

ಆಮೇಲೆ ಎಂದಿನಂತೆ ಕೀ ತಿರುಗಿಸಿ, ಹೀಟರ್ ಲೈಟ್ ಆರುವ ತನಕ ಕಾಯಿರಿ, ಸೆಲ್ಫ್ ಹೊಡೆಯಿರಿ. ಹತ್ತು ಸೆಕೆಂಡ್ ಮಾತ್ರ. ಹಿಡಿಯಲಿಲ್ಲವೆಂದರೆ ಬಿಟ್ಟು ಒಂದು ನಿಮಿಷ ಕಾಯಿರಿ, ಇಲ್ಲವಾದರೆ ಸೆಲ್ಫ್ ಕಾದು ಸುಟ್ಟು ಹೋಗುತ್ತದೆ. ಆ ಹತ್ತು ಸೆಕೆಂಡಿನಲ್ಲಿ ಮೂರು ವಿಷಯ ಗಮನಿಸಿ: ಸೆಲ್ಫ್ ಎಷ್ಟು ಚುರುಕಾಗಿ ತಿರುಗಿತು, ಹಿಂದೆ ಹೊಗೆ ಬಂತಾ, ಬಂದರೆ ಯಾವ ಬಣ್ಣ. ಹಿಡಿದು ಮತ್ತೆ ಆಫ್ ಆಯಿತಾ ಅನ್ನುವುದನ್ನೂ ಬರೆದುಕೊಳ್ಳಿ. ಇಷ್ಟರಿಂದಲೇ ದಾರಿ ಬೇರೆ ಬೇರೆ ಆಗುತ್ತದೆ.

ಸೆಲ್ಫ್ ಸೋತ ಹಾಗೆ "ಊಂ... ಊಂ..." ಅಂತ ಎಳೆಯುತ್ತಿದ್ದರೆ ತೊಂದರೆ ಕರೆಂಟಿನದ್ದು. ನಿಧಾನವಾಗಿ ತಿರುಗಿದರೆ ಗಾಳಿ ಕಾಯುವುದಿಲ್ಲ, ಒತ್ತುವಷ್ಟರಲ್ಲೇ ಶಾಖ ಸೋರಿ ಹೋಗುತ್ತದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಎರಡು ಟರ್ಮಿನಲ್ ಮೇಲೆ ಮೀಟರ್ ಇಟ್ಟು ನೋಡಿ. 10ರ ಆಸುಪಾಸು ನಿಂತರೆ ಪರವಾಗಿಲ್ಲ. 9.6ಕ್ಕಿಂತ ಕೆಳಗೆ ಜಾರಿದರೆ ಬ್ಯಾಟರಿ ಸೋತಿದೆ, ಇಲ್ಲವೇ ಸೆಲ್ಫ್ ಜಾಸ್ತಿ ಕರೆಂಟ್ ಎಳೆಯುತ್ತಿದೆ.

ವೋಲ್ಟೇಜ್ ಚೆನ್ನಾಗಿದ್ದೂ ಸೆಲ್ಫ್ ನಿಧಾನ ಅಂದರೆ ಬ್ಯಾಟರಿ ಮೈನಸ್ಸಿನಿಂದ ಇಂಜಿನ್‌ಗೆ ಹೋಗುವ ಅರ್ಥ್ ವೈರ್ ನೋಡಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದು ಇಂಜಿನ್ ಬ್ಲಾಕಿನ ಬರೀ ಲೋಹದ ಮೇಲೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ಥ್ ವೈರಿನ ಜಾಯಿಂಟ್ ಕೆಟ್ಟಿದೆ. ನಮ್ಮ ಕಡೆಯ ಮಳೆಗೆ ಈ ಜಾಯಿಂಟ್ ತುಕ್ಕು ಹಿಡಿಯುವುದು ತುಂಬಾ ಮಾಮೂಲು. ಬಿಚ್ಚಿ, ಎಮರಿ ಕಾಗದದಲ್ಲಿ ಹೊಳೆಯುವ ಹಾಗೆ ತಿಕ್ಕಿ, ಬಿಗಿ ಮಾಡಿ, ಮೇಲೆ ಸ್ವಲ್ಪ ಗ್ರೀಸ್ ಹಚ್ಚಿ. ಹೊಸ ಬ್ಯಾಟರಿ ತರುವ ಮುಂಚೆ ಇದನ್ನು ಮಾಡಲೇಬೇಕು. ಇಂಜಿನ್ ಆಯಿಲ್ 20W50ನಂಥ ದಪ್ಪದ್ದು ಹಾಕಿಸಿದ್ದರೆ ಚಳಿಯಲ್ಲಿ ಅದೂ ಸೆಲ್ಫಿಗೆ ಭಾರವೇ. ಕಂಪನಿ ಪುಸ್ತಕದಲ್ಲಿ 15W40 ಒಪ್ಪಿದ್ದರೆ ಮುಂದಿನ ಸಲ ಅದನ್ನೇ ಹಾಕಿಸಿ.

ಬಿಳಿ ಹೊಗೆ ಬಂದರೆ

ಸೆಲ್ಫ್ ಚುರುಕಾಗಿ ತಿರುಗುತ್ತದೆ, ಹಿಂದೆ ದಟ್ಟ ಬಿಳಿ ಹೊಗೆ, ಮೂಗಿಗೆ ಘಾಟು, ಕಣ್ಣು ಉರಿ. ನನ್ನ ಗಾಡಿಯ ಮೊದಲ ವರ್ಷದ ಕಥೆ ಇದೇ. ಮಗಳು ಕೆಮ್ಮುತ್ತಾ, "ಅಮ್ಮಾ, ಸೀಮೆಎಣ್ಣೆ ವಾಸನೆ ಥರ ಬರ್ತಿದೆ" ಅಂದಳು. ಅದು ಉರಿಯದ ಡೀಸೆಲ್ ಹಬೆಯಾಗಿ ಬರುವುದು. ಇದು ಒಳ್ಳೆ ಸುದ್ದಿ ಅಂತಲೇ ತಿಳಿಯಿರಿ. ಡೀಸೆಲ್ ಒಳಗೆ ಬರುತ್ತಿದೆ, ಪಂಪ್ ಕೆಲಸ ಮಾಡುತ್ತಿದೆ. ಶಾಖ ಮಾತ್ರ ಸಾಲುತ್ತಿಲ್ಲ. ಶಾಖ ಅಂದರೆ ಮೊದಲು ಹೀಟರ್ ಪ್ಲಗ್.

ಇಲ್ಲಿ ತುಂಬಾ ಜನ ತಪ್ಪುವ ಒಂದು ವಿಷಯ ಇದೆ. ಡ್ಯಾಶ್‌ಬೋರ್ಡ್ ಮೇಲೆ ಸುರುಳಿ ಚಿತ್ರದ ಲೈಟ್ ಹತ್ತಿ ಆರುತ್ತದೆ, ಹಾಗಾಗಿ ಪ್ಲಗ್ ಸರಿಯಿದೆ ಅಂದುಕೊಳ್ಳುತ್ತೇವೆ. ಆ ಲೈಟ್ ಟೈಮರ್ ಲೆಕ್ಕದಲ್ಲಿ ಹತ್ತಿ ಆರುವುದು. ನಾಲ್ಕೂ ಪ್ಲಗ್ ಸತ್ತಿದ್ದರೂ ಅದು ತನ್ನ ಪಾಡಿಗೆ ಹತ್ತುತ್ತದೆ, ಆರುತ್ತದೆ.

ನಿಜವಾಗಿ ಕರೆಂಟ್ ಹೋಗುತ್ತಿದೆಯಾ ಅಂತ ಬಿಚ್ಚದೆ ತಿಳಿಯಲು ಒಂದು ಉಪಾಯ ಇದೆ. ಕತ್ತಲಲ್ಲಿ ಗಾಡಿಯ ಒಳಗಿನ ಲೈಟ್ ಹಾಕಿಕೊಂಡು ಕೀ ತಿರುಗಿಸಿ. ಪ್ಲಗ್‌ಗಳು ಕರೆಂಟ್ ಎಳೆದಾಗ ಆ ಲೈಟ್ ಕಣ್ಣಿಗೆ ಕಾಣುವಷ್ಟು ಮಂಕಾಗುತ್ತದೆ. ಒಂದೊಂದು ಪ್ಲಗ್ ಸುಮಾರು ಹತ್ತು ಆಂಪಿಯರ್ ಎಳೆಯುವಂಥದ್ದು, ನಾಲ್ಕು ಸೇರಿದರೆ ಸಣ್ಣ ಹೊರೆಯಲ್ಲ. ಸ್ವಲ್ಪ ಹೊತ್ತಿನ ಮೇಲೆ "ಟಕ್" ಅಂತ ರಿಲೇ (ಪ್ಲಗ್‌ಗಳಿಗೆ ಕರೆಂಟ್ ಬಿಡುವ ಸ್ವಿಚ್) ಸದ್ದು ಬಂದು ಲೈಟ್ ಮತ್ತೆ ಬೆಳಗುತ್ತದೆ. ನನ್ನ ಗಾಡಿಯಲ್ಲಿ ಟಕ್ ಸದ್ದು ಬಂತು, ಲೈಟ್ ಮಾತ್ರ ಅಲುಗಾಡಲಿಲ್ಲ. ರಿಲೇ ಬದುಕಿದೆ, ಅದರಿಂದ ಆಚೆ ಏನೋ ಕಡಿದಿದೆ ಅಂತ ಅಲ್ಲೇ ತಿಳಿಯಿತು.

ಇನ್ನೊಂದು ಪರೀಕ್ಷೆ. ಕೀ ಹಾಕಿ ಹೀಟರ್ ಲೈಟ್ ಆರಲಿ. ಕೀ ತೆಗೆಯಿರಿ. ಮತ್ತೆ ಹಾಕಿ. ಹೀಗೆ ಮೂರು ಸಲ ಮಾಡಿ ಆಮೇಲೆ ಸೆಲ್ಫ್ ಹೊಡೆಯಿರಿ. ಆಗ ಸುಲಭವಾಗಿ ಹಿಡಿದರೆ ಒಂದೆರಡು ಪ್ಲಗ್ ಬದುಕಿವೆ, ಉಳಿದವು ಹೋಗಿವೆ. ಇಲ್ಲವೇ ಪ್ಲಗ್ ಕಾಯುವ ಹೊತ್ತು ಕಡಿಮೆಯಾಗಿದೆ. ಹೊತ್ತು ಎಷ್ಟು ಅಂತ ತೀರ್ಮಾನಿಸಲು ಇಂಜಿನ್ ನೀರಿನ ಬಿಸಿ ಅಳೆಯುವ ಸೆನ್ಸರ್ ಇರುವ ಗಾಡಿಗಳಿವೆ. ಅದು ಕೆಟ್ಟರೆ ತಣ್ಣಗಿದ್ದರೂ ಬಿಸಿ ಅಂತ ಹೇಳಬಹುದು.

ಈಗ ಪ್ಲಗ್ ನೋಡೋಣ. ಹೆಡ್ಡಿನ ಪಕ್ಕದಲ್ಲಿ ನಾಲ್ಕೂ ಪ್ಲಗ್ ತಲೆ ಸೇರಿಸುವ ಒಂದು ತಗಡಿನ ಪಟ್ಟಿ ಇರುತ್ತದೆ, ಪ್ರತಿ ತಲೆಗೂ ಒಂದು ಪುಟ್ಟ ನಟ್. ಕೀ ಆಫ್ ಮಾಡಿ, ಬ್ಯಾಟರಿಯ ಮೈನಸ್ ಬಿಚ್ಚಿ, ಆ ಪಟ್ಟಿ ತೆಗೆಯಿರಿ. ನಾನು ಟಾರ್ಚ್ ಬಿಟ್ಟು ನೋಡಿದಾಗ ಕರೆಂಟ್ ವೈರ್ ಬಂದು ಸೇರುವ ನಟ್ಟಿನ ಕೆಳಗೆ ತಾಮ್ರದ ಹಸಿರು ಪುಡಿ ಕಟ್ಟಿಕೊಂಡಿತ್ತು. ಉಗುರಿನಿಂದ ತಟ್ಟಿದರೆ ಹಳೆ ದೇವರ ತಂಬಿಗೆಯ ಕಿಲುಬಿನ ಹಾಗೆ ಚಕ್ಕೆ ಚಕ್ಕೆ ಉದುರಿತು. ವೈರಿನ ಕೊನೆಯ ಉಂಗುರ ನೋಡಲು ಗಟ್ಟಿಯಾಗಿದೆ, ಎಳೆದರೆ ಒಳಗಿನ ಎಳೆಗಳು ಅರ್ಧಕ್ಕರ್ಧ ಕಡಿದಿದ್ದವು. ಇಪ್ಪತ್ತು ಮಳೆಗಾಲ ಕಂಡ ಗಾಡಿ, ಆಗದೆ ಏನು?

ಪಟ್ಟಿ ತೆಗೆದ ಮೇಲೆ ಬ್ಯಾಟರಿ ಮೈನಸ್ ಮತ್ತೆ ಹಾಕಿ, ಟೆಸ್ಟ್ ಲ್ಯಾಂಪಿನ ಒಂದು ವೈರ್ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ವೈರ್ ಒಂದೊಂದೇ ಪ್ಲಗ್ ತಲೆಗೆ ಮುಟ್ಟಿಸಿ. ಬಲ್ಬ್ ಹತ್ತಿದರೆ ಪ್ಲಗ್ಗಿನ ಒಳಗಿನ ತಂತಿ ಬದುಕಿದೆ. ಹತ್ತದಿದ್ದರೆ ಸತ್ತಿದೆ. ನನ್ನದರಲ್ಲಿ ಒಂದು, ಮೂರು ಹತ್ತಿದವು. ಎರಡು, ನಾಲ್ಕು ಹತ್ತಲಿಲ್ಲ. ಮೀಟರಿನಲ್ಲಿ ಓಮ್ ನೋಡುವವರಿಗೆ: ಒಳ್ಳೆ ಪ್ಲಗ್ ಒಂದು ಓಮಿನ ಆಸುಪಾಸು ತೋರಿಸುತ್ತದೆ, ಸತ್ತದ್ದು ಏನೂ ತೋರಿಸುವುದಿಲ್ಲ.

ಕೆಲವರು ಪ್ಲಗ್ ಬಿಚ್ಚಿ ನೇರ ಬ್ಯಾಟರಿಗೆ ಹಿಡಿದು ಕೆಂಪಗಾಗುತ್ತಾ ನೋಡುತ್ತಾರೆ. ಮಾಡುವ ಮುಂಚೆ ಪ್ಲಗ್ಗಿನ ಮೈಮೇಲೆ ಎಷ್ಟು ವೋಲ್ಟ್ ಅಂತ ಬರೆದಿದೆ ಓದಿ. ಕಡಿಮೆ ವೋಲ್ಟಿನ ಪ್ಲಗ್‌ಗಳೂ ಇವೆ, ಅವುಗಳಿಗೆ ಪೂರ್ತಿ 12 ಕೊಟ್ಟರೆ ಅಲ್ಲೇ ಸುಟ್ಟು ಹೋಗುತ್ತವೆ. ಹೊಸದು ತರುವಾಗಲೂ ಅದೇ ವೋಲ್ಟಿನದ್ದೇ ತನ್ನಿ, ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿ. ಎರಡು ಹೋದ ಮೇಲೆ ಉಳಿದೆರಡು ಎಷ್ಟು ದಿನ?

ಬಿಚ್ಚುವಾಗ ಅವಸರ ಬೇಡ. ಹಳೆ ಪ್ಲಗ್ ಮಸಿ ಹಿಡಿದು ಹೆಡ್ಡಿಗೆ ಕಚ್ಚಿಕೊಂಡಿರುತ್ತದೆ. ಜೋರು ಮಾಡಿದರೆ ಒಳಗೇ ಮುರಿಯುತ್ತದೆ, ಆಮೇಲೆ ಹೆಡ್ ಇಳಿಸುವ ಕೆಲಸ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಇಂಜಿನ್ ಬೆಚ್ಚಗಿರುವಾಗ ಕಾಲು ಸುತ್ತು ಬಿಚ್ಚಿ, ಕಾಲು ಸುತ್ತು ವಾಪಸ್ ತಿರುಗಿಸಿ, ಹೀಗೆ ಹೊರಗೆ ತರಬೇಕು. ನಾನು ಈ ಕೆಲಸ ದೊಡ್ಡಪ್ಪನ ಕೈಗೇ ಬಿಟ್ಟೆ. ಒಂದು ಗಂಟೆ ಹಿಡಿಯಿತು, ಒಂದೂ ಮುರಿಯಲಿಲ್ಲ. ಮಾರನೇ ಬೆಳಿಗ್ಗೆ ಒಳಗಿನ ಲೈಟ್ ಮಂಕಾಯಿತು, ಟಕ್ ಅಂತು, ಮೊದಲ ಸೆಲ್ಫಿಗೇ ಹಿಡಿಯಿತು. ಆ ಸದ್ದು ಕೇಳಿ ನನಗೆ ಎಷ್ಟು ಸಮಾಧಾನ ಆಯಿತು ಅಂದರೆ, ಐದು ನಿಮಿಷ ಹಾಗೇ ಕೂತುಬಿಟ್ಟೆ.

ಹೊಗೆಯೇ ಇಲ್ಲದಿದ್ದರೆ, ಅಥವಾ ಹಿಡಿದು ಆಫ್ ಆದರೆ

ಹೋದ ವರ್ಷ ಮತ್ತೆ ಶುರುವಾಯಿತು. ಈ ಸಲ ಲಕ್ಷಣ ಬೇರೆ. ಮೊದಲ ಸೆಲ್ಫಿಗೆ ಹಿಡಿಯುತ್ತದೆ, ಎರಡು ಮೂರು ಸೆಕೆಂಡ್ ಓಡುತ್ತದೆ, ಸತ್ತೇ ಹೋಗುತ್ತದೆ. ಆಮೇಲೆ ಎಷ್ಟು ಹೊಡೆದರೂ ಹಿಂದೆ ಹೊಗೆಯೇ ಇಲ್ಲ. ಎರಡು ನಿಮಿಷ ಬಿಟ್ಟು ಬಿಟ್ಟು ಹೊಡೆದ ಮೇಲೆ ಚೂರು ಹೊಗೆ, ಆಮೇಲೆ ಕುಂಟುತ್ತಾ ಸ್ಟಾರ್ಟ್.

ಹೊಗೆ ಇಲ್ಲ ಅಂದರೆ ಡೀಸೆಲ್ ಬರುತ್ತಿಲ್ಲ. ಮೊದಲು ಹಿಡಿದದ್ದು ಪಂಪಿನಲ್ಲಿ ಉಳಿದಿದ್ದ ಡೀಸೆಲ್ಲಿಗೆ. ಅದು ಮುಗಿದ ಮೇಲೆ ಹಿಂದಿನಿಂದ ಬಂದದ್ದು ಗಾಳಿ. ರಾತ್ರಿ ಎಲ್ಲೋ ಸಂದಿಯಲ್ಲಿ ಗಾಳಿ ಹೋಗಿ, ಪೈಪಿನಲ್ಲಿದ್ದ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದಿದೆ. ಇದನ್ನೇ ನಮ್ಮ ಕಡೆ ಏರ್ ಹಿಡಿದಿದೆ ಅನ್ನುವುದು.

ಇದನ್ನು ನನಗೆ ತೋರಿಸಿಕೊಟ್ಟದ್ದು ನಮ್ಮ ಮಲೆನಾಡಿನ ಇಳಿಜಾರೇ. ನೋಟ್‌ಬುಕ್ ತಿರುವಿ ನೋಡಿದೆ. ಕಣದಲ್ಲಿ ನಿಲ್ಲಿಸಿದ ಬೆಳಿಗ್ಗೆಗಳಲ್ಲೆಲ್ಲ ತೊಂದರೆ. ಗೇಟಿನ ಹತ್ತಿರ, ಮೂತಿ ಕೆಳಗೆ ಮಾಡಿ ನಿಲ್ಲಿಸಿದ ಎರಡು ದಿನ ಮಾತ್ರ ಏನೂ ತೊಂದರೆ ಇಲ್ಲ. ಆ ದಿನಗಳ ಚಳಿಯೇನೂ ಕಡಿಮೆ ಇರಲಿಲ್ಲ. ಯೋಚಿಸಿದರೆ ಸರಳ: ಟ್ಯಾಂಕ್ ಹಿಂದೆ ಇದೆ. ಮೂತಿ ಕೆಳಗೆ ಮಾಡಿದರೆ ಟ್ಯಾಂಕ್ ಇಂಜಿನ್‌ಗಿಂತ ಮೇಲಾಗುತ್ತದೆ. ಡೀಸೆಲ್ ತನ್ನ ಭಾರಕ್ಕೇ ಮುಂದೆ ನಿಂತಿರುತ್ತದೆ, ವಾಪಸ್ ಹೋಗುವುದಿಲ್ಲ.

ನೀವೂ ಇದನ್ನೇ ಮಾಡಿ. ಒಂದು ರಾತ್ರಿ ಮೂತಿ ಕೆಳಗೆ, ಒಂದು ರಾತ್ರಿ ಮೂತಿ ಮೇಲೆ ನಿಲ್ಲಿಸಿ. ಕಲ್ಲು ಅಡ್ಡ ಕೊಡಿ, ಗೇರಿನಲ್ಲಿ ಬಿಡಿ. ಮೂತಿ ಕೆಳಗಿದ್ದಾಗ ಸುಲಭ, ಮೇಲಿದ್ದಾಗ ಕಷ್ಟ ಅಂತಾದರೆ ಹೀಟರ್ ಪ್ಲಗ್ ಮುಟ್ಟುವ ಅಗತ್ಯವೇ ಇಲ್ಲ. ಗಾಳಿ ಎಲ್ಲಿ ಹೋಗುತ್ತಿದೆ ಹುಡುಕಿ. ಬಯಲುಸೀಮೆಯವರು ಇಳಿಜಾರು ಹುಡುಕಿಕೊಂಡು ಹೋಗಬೇಕು, ನಮಗೆ ಅಂಗಳದಲ್ಲೇ ಇದೆ.

ಹುಡುಕುವುದು ಹೇಗೆ? ಟ್ಯಾಂಕಿನಿಂದ ಪಂಪಿನ ತನಕ ಡೀಸೆಲ್ ಬರುವುದು ಎಳೆತದಿಂದ. ಹಾಗಾಗಿ ಸಂದಿ ಇದ್ದರೂ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಕೆಳಗೆ ಸೋರಿಕೆ ಇಲ್ಲ ಅಂತ ಸುಮ್ನೆ ಇರಬಾರದು. ಫಿಲ್ಟರ್ ಮತ್ತು ಪಂಪಿನ ನಡುವಿನ ರಬ್ಬರ್ ಪೈಪ್ ಬಿಚ್ಚಿ, ಆ ಜಾಗಕ್ಕೆ ಪಾರದರ್ಶಕ ಪೈಪ್ ಹಾಕಿ ಕ್ಲಿಪ್ ಬಿಗಿ ಮಾಡಿ. ಫಿಲ್ಟರ್ ತಲೆಯ ಮೇಲಿನ ಹ್ಯಾಂಡ್ ಪಂಪ್ ಒತ್ತಿ, ಗಾಳಿ ಹೋಗಿ ಅದು ಗಟ್ಟಿಯಾಗುವ ತನಕ ಒತ್ತಿ. ಗಾಡಿ ಸ್ಟಾರ್ಟ್ ಮಾಡಿ ಪೈಪ್ ನೋಡಿ. ಶುರುವಿನಲ್ಲಿ ಒಂದೆರಡು ಗುಳ್ಳೆ ಬಂದು ನಿಂತರೆ ಸರಿ. ನನ್ನದರಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಬರುತ್ತಲೇ ಇದ್ದವು. ಬಿಸಿಲಿಗೆ ಹಿಡಿದರೆ ಜಪಸರದ ಮಣಿಗಳ ಹಾಗೆ ಒಂದರ ಹಿಂದೆ ಒಂದು.

ಗುಳ್ಳೆ ಕಂಡ ಮೇಲೆ ಹಿಂದೆ ಹಿಂದೆ ಹೋಗಿ. ಹ್ಯಾಂಡ್ ಪಂಪಿನ ರಬ್ಬರ್, ಫಿಲ್ಟರಿನ ಸೀಲ್, ಕೆಳಗಿನ ನೀರು ಬಿಡುವ ತಿರುಗಣೆ, ಫಿಲ್ಟರಿಗೆ ಬರುವ ರಬ್ಬರ್ ಪೈಪಿನ ತುದಿಗಳು. ಒಂದೊಂದು ಜಾಯಿಂಟಿನ ಸುತ್ತಲೂ ಗ್ರೀಸ್ ದಪ್ಪಗೆ ಮೆತ್ತಿ ನೋಡಿ. ಯಾವ ಜಾಗಕ್ಕೆ ಮೆತ್ತಿದಾಗ ಗುಳ್ಳೆ ನಿಲ್ಲುತ್ತದೋ ಅದೇ ಜಾಗ. ನನಗೆ ಅಷ್ಟು ಕಷ್ಟ ಆಗಲಿಲ್ಲ. ಮೂತಿ ಕೆಳಗೆ ನಿಲ್ಲಿಸಿದ ರಾತ್ರಿಯ ಬೆಳಿಗ್ಗೆ ನೋಡಿದರೆ ಫಿಲ್ಟರಿಗೆ ಬರುವ ಪೈಪಿನ ಕ್ಲಿಪ್ ಪಕ್ಕದಲ್ಲಿ ಬೆರಳಗಲ ಒದ್ದೆಯಾಗಿತ್ತು, ಅದಕ್ಕೆ ದೂಳು ಅಂಟಿ ಕಪ್ಪು ಬಳೆಯ ಹಾಗೆ ಕಾಣುತ್ತಿತ್ತು. ಡೀಸೆಲ್ ಭಾರ ಮುಂದಕ್ಕೆ ಬಂದಾಗ ಅದೇ ಸಂದಿಯಿಂದ ಜಿನುಗಿತ್ತು. ಪೈಪ್ ಬಗ್ಗಿಸಿ ನೋಡಿದೆ. ರಬ್ಬರ್ ಒಣಗಿ, ಹಿಮ್ಮಡಿ ಒಡೆದ ಹಾಗೆ ಸಣ್ಣ ಸಣ್ಣ ಬಿರುಕು. ಹೊಸ ಪೈಪ್, ಎರಡು ಹೊಸ ಕ್ಲಿಪ್. ಅಷ್ಟೇ ಖರ್ಚು.

ಪೈಪ್ ತರುವಾಗ ಡೀಸೆಲ್ಲಿಗೆ ಅಂತಲೇ ಇರುವ ರಬ್ಬರ್ ಪೈಪ್ ಕೇಳಿ ತನ್ನಿ. ತೋಟಕ್ಕೆ ನೀರು ಬಿಡುವ ಪೈಪಿನ ತುಂಡು ಹಾಕಬೇಡಿ, ಡೀಸೆಲ್ಲಿಗೆ ಅದು ಉಬ್ಬಿ ಮೆತ್ತಗಾಗುತ್ತದೆ. ಪಾರದರ್ಶಕ ಪೈಪ್ ಕೂಡ ಪರೀಕ್ಷೆಗೆ ಮಾತ್ರ, ಕೆಲಸ ಮುಗಿದ ಮೇಲೆ ತೆಗೆದುಬಿಡಿ.

ಗುಳ್ಳೆ ಇಲ್ಲ, ಆದರೂ ಹೊಗೆ ಇಲ್ಲ ಅಂದರೆ ಪಂಪಿನ ಮೇಲಿನ ಸೊಲೆನಾಯ್ಡ್ (ಕರೆಂಟಿನಿಂದ ಡೀಸೆಲ್ ಬಿಡುವ, ನಿಲ್ಲಿಸುವ ವಾಲ್ವ್) ನೋಡಿ. ಕೀ ಆನ್ ಮಾಡಿದಾಗ ಅದು ಸಣ್ಣದಾಗಿ "ಟಿಕ್" ಅನ್ನಬೇಕು. ಅನ್ನದಿದ್ದರೆ ಅದರ ವೈರಿಗೆ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಕರೆಂಟ್ ಬರದಿದ್ದರೆ ವೈರ್ ಹುಡುಕಿ. ತೋಟದ ಮನೆಗಳಲ್ಲಿ ಇಲಿ ವೈರ್ ಕಡಿಯುವುದು ಹೊಸದೇನಲ್ಲ. ಫಿಲ್ಟರಿನ ಕೆಳಗಿನ ತಿರುಗಣೆ ಬಿಚ್ಚಿ ನೀರು ಬಿಡುವುದನ್ನು ಮಳೆಗಾಲ ಮುಗಿದ ಕೂಡಲೇ ಒಮ್ಮೆ ಮಾಡಿ. ಗಾಜಿನ ಲೋಟದಲ್ಲಿ ಹಿಡಿದರೆ ನೀರು ಅಡಿಯಲ್ಲಿ ಬೇರೆ ನಿಲ್ಲುತ್ತದೆ. ಡೀಸೆಲ್ ಹೆಪ್ಪುಗಟ್ಟಿದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ನಮ್ಮ ಚಳಿಗೆ ಆ ಶಕ್ತಿ ಇಲ್ಲ.

ದಯವಿಟ್ಟು ಮಾಡಬೇಡಿ

ಚಳಿಗಾಲದಲ್ಲಿ ಬಟ್ಟೆಗೆ ಡೀಸೆಲ್ ಅದ್ದಿ, ಬೆಂಕಿ ಹಚ್ಚಿ ಏರ್ ಕ್ಲೀನರ್ ಬಾಯಿಗೆ ಹಿಡಿಯುವವರನ್ನು ನಾನು ನೋಡಿದ್ದೇನೆ. ಆಯಿಲ್ ಚೇಂಬರ್ ಕೆಳಗೆ ಸೌದೆ ಉರಿಸುವವರನ್ನೂ ನೋಡಿದ್ದೇನೆ. ಇಪ್ಪತ್ತು ವರ್ಷದ ಗಾಡಿಯ ಅಡಿಯಲ್ಲಿ ಆಯಿಲ್, ಡೀಸೆಲ್ ಜಿನುಗಿ ಮೆತ್ತಿಕೊಂಡಿರುತ್ತದೆ. ಮನೆ ಪಕ್ಕದಲ್ಲೇ ಗಾಡಿ ಉರಿದು ಹೋದರೆ ಏನು ಮಾಡುವುದು? ಬಿಸಿ ಬೇಕಾದರೆ ದಪ್ಪ ಬಟ್ಟೆ ಹಾಸಿ ಅದರ ಮೇಲೆ ಬಿಸಿನೀರು ಸುರಿದು ಇಂಜಿನ್‌ಗೆ ಗಾಳಿ ಹೋಗುವ ಇಂಟೇಕ್ ಮ್ಯಾನಿಫೋಲ್ಡ್ ಬೆಚ್ಚಗೆ ಮಾಡಿ, ವೈರ್ ನೆನೆಯದ ಹಾಗೆ. ಆ ದಿನದ ಮಟ್ಟಿಗೆ ಸಾಕು.

ಸ್ಟಾರ್ಟಿಂಗ್ ಸ್ಪ್ರೇ ಬಾಟಲಿಯೂ ಬೇಡ. ಕಾದ ಹೀಟರ್ ಪ್ಲಗ್ಗಿಗೆ ಅದು ತಗುಲಿದರೆ ಪಿಸ್ಟನ್ ಮೇಲೆ ಬರುವ ಮುಂಚೆಯೇ ಸಿಡಿಯುತ್ತದೆ. ರಿಂಗ್ ಮುರಿಯಬಹುದು, ಪಿಸ್ಟನ್ ಒಡೆಯಬಹುದು.

ಪ್ಲಗ್ ಸರಿ, ಏರ್ ಇಲ್ಲ, ಸೆಲ್ಫ್ ಚುರುಕು, ಆದರೂ ಬಿಳಿ ಹೊಗೆ

ಆಗ ಉಳಿದದ್ದು ನಾಜಲ್ (ಡೀಸೆಲ್ ಚಿಮ್ಮಿಸುವ ಮೂತಿ), ಟೈಮಿಂಗ್ (ಡೀಸೆಲ್ ಚಿಮ್ಮುವ ಹೊತ್ತು), ಕಂಪ್ರೆಷನ್ (ಗಾಳಿ ಒತ್ತುವ ಬಲ). ಇದು ಮೆಕ್ಯಾನಿಕ್ ಕೆಲಸವೇ. ಆದರೆ ಸುಳಿವು ನಾವು ಕೊಡಬಹುದು. ಟೈಮಿಂಗ್ ಬೆಲ್ಟ್ ಬದಲಾಯಿಸಿದ ಮೇಲೆ ಅಥವಾ ಪಂಪ್ ಬಿಚ್ಚಿ ಹಾಕಿದ ಮೇಲೆ ತೊಂದರೆ ಶುರುವಾಗಿದ್ದರೆ ಟೈಮಿಂಗ್ ಅಂತ ಮೊದಲೇ ಹೇಳಿ. ಹಿಡಿದ ಮೇಲೆ ಒಂದು ನಿಮಿಷ ಮೂರು ಕಾಲಿನಲ್ಲಿ ಕುಂಟಿ, ಬಿಸಿಯಾದ ಮೇಲೂ ಒಂದೇ ಕಡೆಯಿಂದ ಟಣ್ ಟಣ್ ಸದ್ದು ಬರುತ್ತಿದ್ದರೆ ನಾಜಲ್. ಬಿಳಿ ಹೊಗೆಗೆ ಡೀಸೆಲ್ ಘಾಟು ಇಲ್ಲದೆ, ರೇಡಿಯೇಟರ್ ನೀರು ದಿನಾ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್.

ಬಿಸಿ ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ಮೆಲ್ಲಗೆ ತೆಗೆದು ನೋಡಿ. ಅಲ್ಲಿಂದ ಗಾಳಿ ಪುಸ್ ಪುಸ್ ಅಂತ ಜೋರಾಗಿ ಹೊಗೆಯ ಜೊತೆ ಬಂದರೆ ಅದನ್ನೇ ಬ್ಯಾಕ್ ಕಂಪ್ರೆಷನ್ ಅನ್ನುವುದು. ರಿಂಗ್ ಸವೆದಿವೆ. ಆಯಿಲ್ ಎಷ್ಟು ಬೇಗ ಕಡಿಮೆ ಆಗುತ್ತದೆ ಅನ್ನುವುದನ್ನೂ ಹೇಳಿ. ಬಾಯಿಮಾತಿಗೆ ಇಂಜಿನ್ ಕೆಲಸಕ್ಕೆ ಒಪ್ಪಬೇಡಿ, ಗೇಜ್ ಹಾಕಿ ನಾಲ್ಕೂ ಸಿಲಿಂಡರ್ ಅಳೆಯಿಸಿ. ಈ ಥರದ ಇಂಜಿನ್ ಚೆನ್ನಾಗಿದ್ದಾಗ ಚದರ ಸೆಂಟಿಮೀಟರಿಗೆ 30 ಕೆ.ಜಿ. ಆಸುಪಾಸು ತೋರಿಸುತ್ತದೆ. 20ರ ಹತ್ತಿರ ಇಳಿದಿದ್ದರೆ ಅಥವಾ ಒಂದು ಸಿಲಿಂಡರ್ ಮಾತ್ರ ಉಳಿದವಕ್ಕಿಂತ ತುಂಬಾ ಕಡಿಮೆ ಇದ್ದರೆ ಆಗ ಖರ್ಚಿನ ಮಾತು. ವಾಲ್ವ್ ಸಂದು ಕಡಿಮೆಯಾಗಿದ್ದರೂ ಕಂಪ್ರೆಷನ್ ಸೋರುತ್ತದೆ. ಅದನ್ನು ನೋಡದೆ ಇಂಜಿನ್ ಇಳಿಸಲು ಬಿಡಬೇಡಿ.

ಗ್ಯಾರೇಜಿಗೆ ಬಿಡುವುದೇ ಆದರೆ ಬೆಳಿಗ್ಗೆ ತೆಗೆದುಕೊಂಡು ಹೋಗಬೇಡಿ. ಸಂಜೆ ಹೋಗಿ ಗಾಡಿ ನಿಲ್ಲಿಸಿ, ನೋಟ್‌ಬುಕ್ ಅವರ ಕೈಗೆ ಕೊಡಿ, ಕೀ ನಿಮ್ಮ ಜೊತೆ ಮನೆಗೆ ತನ್ನಿ. ಮಾರನೇ ದಿನ ಗ್ಯಾರೇಜ್ ಬಾಗಿಲು ತೆಗೆಯುವ ಹೊತ್ತಿಗೆ ನೀವೇ ಹೋಗಿ, ಮೆಕ್ಯಾನಿಕ್ಕನ್ನು ಸೈಲೆನ್ಸರ್ ಹಿಂದೆ ನಿಲ್ಲಿಸಿ, ಆಮೇಲೆ ಕೀ ತಿರುಗಿಸಿ.